ಹಡಗೇರಿದ ಪೆಟ್ಟಿಗೆಗಳು

ಸಮುದ್ರಯಾನದ ಚರಿತ್ರೆಯನ್ನು ಬರೆದವರು ನೌಕೆಗಳ ನಿರ್ಮಾಣವನ್ನೂ ನಾವಿಕರ ಸಾಹಸವನ್ನೂ ಬಂದರುಗಳ ಏಳುಬೀಳುಗಳನ್ನೂ ವಿಸ್ತಾರವಾಗಿ ವರ್ಣಿಸಿದ್ದಾರೆ. ಆದರೆ ಆ ನೌಕೆಗಳನ್ನೇರಿದ ಪ್ರಯಾಣಿಕನು ಹೊರಡುವ ಮುನ್ನ ತೆರೆದ ಪೆಟ್ಟಿಗೆಯ ಮುಂದೆ ಕುಳಿತು, ಇದು ಬೇಕೆ, ಅದು ಬೇಡವೆ, ಬಿಟ್ಟುಹೋದರೆ ನಡುಗಡಲಿನಲ್ಲಿ ಯಾರನ್ನು ಕೇಳಲಿ ಎಂದು ಪಟ್ಟ ಪಾಡಿನ ಕಡೆಗೆ ಅವರ ಲಕ್ಷ್ಯ ಅಷ್ಟಾಗಿ ಹರಿದಂತೆ ಕಾಣುವುದಿಲ್ಲ. ಗಾಡಿಯಲ್ಲಿ ಹೋಗುವವನಿಗೆ ದಾರಿಯಲ್ಲಿ ಊರುಂಟು, ಊರಿನಲ್ಲಿ ಸಂತೆಯುಂಟು. ರೈಲಿನಲ್ಲಿ ಹೋಗುವವನಿಗೆ ಮುಂದಿನ ಸ್ಟೇಷನ್ನಾದರೂ ಉಂಟು. ಹಡಗನ್ನು ಹತ್ತಿದವನಿಗೆ ಇರುವುದು ತಾನು ಕಟ್ಟಿಕೊಂಡು ಬಂದ ಗಂಟು ಮಾತ್ರ. ಹಳೆಯ ಯಾತ್ರಿಕರ ಸಾಮಾನಿನ ಪಟ್ಟಿಗಳನ್ನು ಓದುತ್ತಿದ್ದಂತೆ, ಬಟ್ಟೆಬರೆಗಳ ಲೆಕ್ಕದೊಡನೆ ಅವರ ಅಂಜಿಕೆಗಳ ಲೆಕ್ಕವೂ ನಮ್ಮ ಮುಂದೆ ಬಿಚ್ಚಿಕೊಳ್ಳುತ್ತದೆ. ಈ ಅಂಜಿಕೆ ಎಂದೆಂದಿಗೂ ಒಂದೇ ಬಗೆಯದಾಗಿರಲಿಲ್ಲ. ಮೊದಮೊದಲು, ಹಡಗು ತನಗೆ ಏನನ್ನು ಒದಗಿಸಲಾರದೋ ಎಂಬ ಅಂಜಿಕೆ. ಹಡಗು ಸಕಲವನ್ನೂ ಒದಗಿಸಬಲ್ಲುದಾದ ಮೇಲೆ, ಸಹಪ್ರಯಾಣಿಕರು ತನ್ನನ್ನು ಏನೆಂದುಕೊಂಡಾರೋ ಎಂಬ ಅಂಜಿಕೆ. ಎರಡನೆಯದೇ ಹೆಚ್ಚು ಭಾರವಾದುದೆಂದು ನನಗೆ ತೋರುತ್ತದೆ.

ಈಸ್ಟ್ ಇಂಡಿಯಾ ಕಂಪನಿಯ ಕಾಲದ ಹಾಯಿಹಡಗುಗಳು ಗುಡ್‌ಹೋಪ್ ಭೂಶಿರವನ್ನು ಬಳಸಿಕೊಂಡು ಲಂಡನ್ನಿನಿಂದ ಮದರಾಸಿಗೋ ಕಲ್ಕತ್ತೆಗೋ ಬಂದು ಸೇರಲು, ಗಾಳಿ ಒಲಿದರೆ ನಾಲ್ಕು ತಿಂಗಳು, ಮುನಿದರೆ ಆರು ತಿಂಗಳು ಹಿಡಿಯುತ್ತಿದ್ದವು. ಅಷ್ಟು ದೀರ್ಘಕಾಲದ ವಾಸಕ್ಕೆಂದು ಪ್ರಯಾಣಿಕನು ದುಬಾರಿ ಹಣ ತೆತ್ತು ಪಡೆಯುತ್ತಿದ್ದುದು ಹಲಗೆಯ ಅಥವಾ ಕ್ಯಾನ್ವಾಸಿನ ಮರೆಗಳ ನಡುವಣ ಒಂದಿಷ್ಟು ಬರಿಯ ನೆಲವನ್ನು. ಮಂಚ, ಹಾಸಿಗೆ, ಮೇಜು, ಕುರ್ಚಿ, ಮುಖ ತೊಳೆಯುವ ಬೋಗುಣಿ, ಅದನ್ನಿರಿಸುವ ಪೀಠ, ದೀಪ, ಬಕೆಟ್ಟು, ಇವೆಲ್ಲವನ್ನೂ ಅವನೇ ಕೊಂಡು ತರಬೇಕು. ತಂದುದನ್ನು ಹಡಗಿನ ಬಡಗಿಯ ಕೈಯಲ್ಲಿ ನೆಲಕ್ಕೆ ಬಿಗಿಸಿ ಹಗ್ಗದಿಂದ ಕಟ್ಟಿಸಬೇಕು. ಅಲಕ್ಷ್ಯ ಮಾಡಿದವನ ಮೇಜು ಮೊದಲನೆಯ ಬಿರುಗಾಳಿಗೇ ಮಂಚವನ್ನೇರುತ್ತಿದ್ದಿತು, ಮಂಚದ ಮೇಲಿದ್ದವನು ಮೇಜಿದ್ದ ಎಡೆಗೆ ಉರುಳುತ್ತಿದ್ದನು. ಹೀಗೆ ಕಡಲನ್ನು ದಾಟಿಬಂದ ಪೀಠೋಪಕರಣಗಳಲ್ಲಿ ಕೆಲವು ಇಳಿದ ಊರಿನಲ್ಲಿಯೇ ಹರಾಜಾಗುತ್ತಿದ್ದುವು, ಕೆಲವು ಒಡೆಯನೊಡನೆ ಒಳನಾಡಿನ ಬಂಗಲೆಗಳಿಗೆ ಹೋಗಿ ಅಲ್ಲಿ ವೃದ್ಧಾಪ್ಯವನ್ನು ಕಳೆಯುತ್ತಿದ್ದುವು.

ಬಟ್ಟೆಗಳ ಸಂಗತಿ ಇನ್ನೂ ವಿಚಿತ್ರವಾದುದು. ಹಡಗಿನಲ್ಲಿ ಸಿಹಿನೀರು ಕುಡಿಯುವುದಕ್ಕೇ ಅಳತೆಯಲ್ಲಿ ದೊರೆಯುತ್ತಿದ್ದ ಕಾರಣ ಒಗೆಯುವ ಮಾತೇ ಇರಲಿಲ್ಲ. ಉಪ್ಪುನೀರಿನಲ್ಲಿ ಅದ್ದಿದ ಅಂಗಿ ಮೈಗೆ ಒರಟಾಗುತ್ತದೆ, ಪೂರ್ತಿ ಒಣಗುವುದೂ ಇಲ್ಲ. ಆದುದರಿಂದ ಹೊರಡುವವರು ತಿಂಗಳುಗಟ್ಟಲೆಗೆ ಸಾಲುವಷ್ಟು ಅಂಗಿಗಳನ್ನೂ ಕಾಲುಚೀಲಗಳನ್ನೂ ಕರವಸ್ತ್ರಗಳನ್ನೂ ಡಜನ್ನುಗಳ ಲೆಕ್ಕದಲ್ಲಿ ಹೊಲಿಸಿ, ಒಂದೊಂದಾಗಿ ಕೊಳೆಮಾಡಿ, ಕೊಳೆಯಾದುದನ್ನು ಚೀಲಕ್ಕೆ ತುಂಬುತ್ತ ಬರುತ್ತಿದ್ದರು. ಲಂಡನ್ನಿನಲ್ಲಿ ಈ ಸಾಮಗ್ರಿಯನ್ನು ಹೊಂದಿಸಿಕೊಡುವುದೇ ಒಂದು ವ್ಯಾಪಾರವಾಗಿ ಬೆಳೆಯಿತು. ಅಂಗಡಿಯವನು ಅನನುಭವಿಯಾದ ಹದಿನಾರು ವರುಷದ ಕೆಡೆಟ್ ಹುಡುಗನಿಗೆ ಬೇಕಾದುದನ್ನೂ ಬೇಡವಾದುದನ್ನೂ ಕಟ್ಟುವುದು, ಮಗನನ್ನು ದೂರದೇಶಕ್ಕೆ ಕಳುಹುವ ತಾಯಿ ಅಳುತ್ತಲೇ ಒಪ್ಪಿ ಹಣ ಕೊಡುವುದು, ಇದು ಮಾಮೂಲಾಗಿದ್ದಿತು. ಇಂಥವರಿಗೆ ಬುದ್ಧಿ ಹೇಳುವ ಕೈಪಿಡಿಗಳೂ ಹುಟ್ಟಿಕೊಂಡವು. ಎಮ್ಮಾ ರಾಬರ್ಟ್ಸ್ ಎಂಬ ಲೇಖಕಿ 1839ರಲ್ಲಿ ಇಂಡಿಯಾಕ್ಕೆ ಹೊರಡುವವರಿಗಾಗಿಯೇ ಒಂದು ಸಲಹೆಯ ಪುಸ್ತಕವನ್ನು ಪ್ರಕಟಿಸಿದಳು.

ಅತ್ತಣಿಂದ ಇತ್ತ ಬರುವವರ ಕಷ್ಟ ಇಷ್ಟಾದರೆ, ಇತ್ತಣಿಂದ ಅತ್ತ ಹೋಗುವ ಹಿಂದುವಿನ ಕಷ್ಟ ಮತ್ತೊಂದು ಜಾತಿಯದು. ಸಮುದ್ರವನ್ನು ದಾಟುವುದೇ ನಿಷಿದ್ಧವೆಂದಿದ್ದ ಕಾಲದಲ್ಲಿ, ದಾಟಲೇಬೇಕಾದವನು ತನ್ನ ಆಚಾರವನ್ನೂ ಸಾಮಾನಿನ ಜೊತೆಗೆ ಕಟ್ಟಿಕೊಂಡು ಹೋಗಬೇಕಾಗುತ್ತಿತ್ತು. ಮಡಿಯ ಅಡಿಗೆ, ಅಡಿಗೆಯವನು, ಪಾತ್ರೆ, ಧಾನ್ಯ, ನೀರು ಇವೆಲ್ಲ ಆಚಾರದ ಅಂಗಗಳು. ರಾಜಾ ರಾಮಮೋಹನ ರಾಯರು 1830ರ ನವೆಂಬರಿನಲ್ಲಿ ಕಲ್ಕತ್ತೆಯಿಂದ 'ಆಲ್ಬಿಯನ್' ಹಡಗನ್ನೇರಿದಾಗ ತಮ್ಮ ಪರಿಚಾರಕರನ್ನು ಜೊತೆಯಲ್ಲಿ ಕರೆದೊಯ್ದರು. ಊಟವನ್ನು ತಮ್ಮ ಕೋಣೆಯಲ್ಲಿಯೇ ಮಾಡುತ್ತಿದ್ದರು. ಬೇರೆ ಒಲೆಯ ಏರ್ಪಾಡಿಲ್ಲದುದರಿಂದ ಒಂದು ಪುಟ್ಟ ಮಣ್ಣಿನ ಒಲೆಯಲ್ಲಿ ಅಡಿಗೆ ಸಾಗಬೇಕಾಗಿತ್ತು. ಕಡಲು ಅಲ್ಲಾಡತೊಡಗಿದೊಡನೆ ಪರಿಚಾರಕರು ತಲೆಯೆತ್ತಲಾರದೆ ಒಡೆಯರ ಕೋಣೆಯಲ್ಲಿಯೇ ಮಲಗಿಬಿಟ್ಟರೆಂದೂ, ಅವರನ್ನು ಎಬ್ಬಿಸಲು ಮನಸ್ಸು ಬಾರದ ರಾಯರು ತಾವೇ ಹೊರಗೆ ಸಾಮಾನಿನ ಪೆಟ್ಟಿಗೆಗಳ ಮೇಲೆ ಮಲಗಿಕೊಳ್ಳುತ್ತಿದ್ದರೆಂದೂ ಸಹಪ್ರಯಾಣಿಕನೊಬ್ಬನು ಬರೆದಿದ್ದಾನೆ. ಆಚಾರವನ್ನು ಹೊತ್ತೊಯ್ದವರು ಅನೇಕರು. ಹೊತ್ತುಕೊಂಡು ಬಂದವರನ್ನೇ ಹೀಗೆ ಸಲಹಿದವರು ವಿರಳ.

ಈ ಬಗೆಯ ಪ್ರಯಾಣಸಿದ್ಧತೆಯ ಪರಾಕಾಷ್ಠೆಯನ್ನು ಕಾಣಬೇಕಾದರೆ ಜಯಪುರಕ್ಕೆ ಹೋಗಬೇಕು. ಅಲ್ಲಿಯ ಅರಮನೆಯ ದಿವಾನ್-ಇ-ಖಾಸ್‌ನಲ್ಲಿ ಆಳೆತ್ತರಕ್ಕೆ ಸಮೀಪವಾದ ಎರಡು ಬೆಳ್ಳಿಯ ಕೊಪ್ಪರಿಗೆಗಳಿವೆ. ಒಂದೊಂದರ ಎತ್ತರ 1.6 ಮೀಟರು, ತೂಕ 345 ಕಿಲೋಗ್ರಾಂ, ಹಿಡಿಯುವ ನೀರು ಸುಮಾರು 4000 ಲೀಟರು. ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕಾಗಿ 1902ರಲ್ಲಿ ಇಂಗ್ಲೆಂಡಿಗೆ ಹೋಗಬೇಕಾಗಿ ಬಂದ ಮಹಾರಾಜ ಎರಡನೆಯ ಮಾಧೋಸಿಂಗರು ಪರದೇಶದ ನೀರನ್ನು ಬಾಯಿಗೆ ಹಾಕಲೊಲ್ಲದೆ, ಈ ಪಾತ್ರೆಗಳ ತುಂಬ ಗಂಗಾಜಲವನ್ನು ತುಂಬಿಸಿ, 'ಒಲಿಂಪಿಯಾ' ಎಂಬ ಹಡಗನ್ನೇ ಗೊತ್ತುಮಾಡಿಕೊಂಡು, ತಮ್ಮ ಆರಾಧ್ಯದೇವತೆಯಾದ ಗೋಪಾಲನ ವಿಗ್ರಹದೊಡನೆಯೂ ದೊಡ್ಡ ಪರಿವಾರದೊಡನೆಯೂ ಬೊಂಬಾಯಿಯಿಂದ ಹೊರಟರು. ಬೆಸುಗೆಯಿಲ್ಲದೆ, ಸಾವಿರಾರು ಬೆಳ್ಳಿಯ ನಾಣ್ಯಗಳನ್ನು ಕರಗಿಸಿ ತಟ್ಟಿ ಮಾಡಿದ ಈ ಪಾತ್ರೆಗಳನ್ನು ನೋಡಿ ಇಂದಿನ ಪ್ರವಾಸಿಗಳು ಅರಸನ ಐಶ್ವರ್ಯಕ್ಕೆ ಬೆರಗಾಗುತ್ತಾರೆ. ನನಗಾದರೋ ಆ ಪಾತ್ರೆಗಳನ್ನು ಕ್ರೇನಿನಿಂದ ಎತ್ತಿ ಹಡಗಿನೊಳಕ್ಕೆ ಇಳಿಸಿದ ಕೂಲಿಯವರ ಮುಖ ಹೇಗಿದ್ದಿರಬಹುದೆಂಬುದೇ ಹೆಚ್ಚು ಕುತೂಹಲದ ವಿಷಯ.

ಆ ವೇಳೆಗಾಗಲೇ ಉಗಿಹಡಗು ಪ್ರಯಾಣದ ಸ್ವರೂಪವನ್ನೇ ಮಾರ್ಪಡಿಸಿದ್ದಿತು. 1837ರಲ್ಲಿ ಹುಟ್ಟಿದ ಪಿ ಅಂಡ್ ಓ ಕಂಪನಿ ಮೊದಲು ಅಲೆಗ್ಸಾಂಡ್ರಿಯದ ತನಕ ಹಡಗಿನಲ್ಲಿ ಕರೆದುತಂದು, ಕೈರೋವಿನಿಂದ ಸೂಯೆಜ್ ವರೆಗೆ ಮರಳುಗಾಡಿನಲ್ಲಿ ಕುದುರೆಗಾಡಿಯ ಮೇಲೆ ಜನರನ್ನೂ ಒಂಟೆಯ ಮೇಲೆ ಪೆಟ್ಟಿಗೆಗಳನ್ನೂ ಸಾಗಿಸಿ, ಮತ್ತೆ ಹಡಗನ್ನು ಹತ್ತಿಸುತ್ತಿತ್ತು. ಒಂಟೆಯ ಎರಡು ಮಗ್ಗುಲಿಗೂ ಸಮತೂಕದ ಹೊರೆ ಬೇಕಾದುದರಿಂದ ಮಂಚಮೇಜುಗಳ ಯುಗ ಅಲ್ಲಿಗೆ ಮುಗಿಯಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಒಂಟೆಯೂ ಬೇಡವಾಯಿತು. ಬೊಂಬಾಯಿಯಿಂದ ಲಂಡನ್ ಮೂರು ವಾರಗಳ ದಾರಿಯಾಯಿತು. ಮಂಚ, ಊಟ, ದೀಪ ಎಲ್ಲವೂ ಟಿಕೀಟಿನೊಳಗೇ ಬಂದವು.

ಪೆಟ್ಟಿಗೆಯೂ ಇದಕ್ಕೆ ತಕ್ಕಂತೆ ರೂಪವನ್ನು ಬದಲಿಸಿತು. ಸಾರೋಟುಗಳ ನೆತ್ತಿಯ ಮೇಲೆ ಮಳೆಯಲ್ಲಿ ನೆನೆಯುತ್ತ ಹೋಗುತ್ತಿದ್ದ ಹಳೆಯ ಪೆಟ್ಟಿಗೆಯ ಮುಚ್ಚಳ, ನೀರು ಜಾರಿಹೋಗಲೆಂದು ಕಮಾನಿನಂತೆ ಉಬ್ಬಿರುತ್ತಿದ್ದಿತು; ಹಡಗಿನ ಒಡಲಿನಲ್ಲಿ ಒಂದರ ಮೇಲೊಂದು ಪೇರಿಸುವುದಕ್ಕೆ ಅದು ಸಲ್ಲದು. ಪ್ಯಾರಿಸ್ಸಿನಲ್ಲಿ 1854ರಲ್ಲಿ ಅಂಗಡಿಯಿಟ್ಟ ಲೂಯಿ ವಿಟ್ಟಾನ್ 1858ರಲ್ಲಿ ಬೂದುಬಣ್ಣದ ಕ್ಯಾನ್ವಾಸ್ ಹೊದಿಸಿದ ಚಪ್ಪಟೆ ಮುಚ್ಚಳದ ಟ್ರಂಕನ್ನು ಮಾಡಿ ಮಾರತೊಡಗಿದನು. ಇಂದು ಆತನ ಹೆಸರನ್ನು ಕೈಚೀಲದ ಮೇಲೆ ಮೆರೆಸುವವರು, ಆ ಕೀರ್ತಿಯ ಬುಡದಲ್ಲಿರುವುದು ಪೆಟ್ಟಿಗೆಗಳನ್ನು ಪೇರಿಸುವ ಹಮಾಲಿಯ ಅನುಕೂಲವೆಂಬುದನ್ನು ಬಲ್ಲರೋ ಇಲ್ಲವೋ. ಮಲಗುವ ಹಲಗೆಯ ಅಡಿಗೆ ಸರಿಯಲೆಂದು ಎತ್ತರವನ್ನು ತಗ್ಗಿಸಿದ ಕ್ಯಾಬಿನ್ ಟ್ರಂಕು ಬಂದಿತು. ನಿಲ್ಲಿಸಿ ತೆರೆದರೆ ಒಂದು ಪಕ್ಕದಲ್ಲಿ ಕೋಟುಗಳು ತೂಗುವ, ಇನ್ನೊಂದು ಪಕ್ಕದಲ್ಲಿ ಸೆಳೆಖಾನೆಗಳಿರುವ ಬೀರುವಿನಂಥ ಟ್ರಂಕೂ ಬಂದಿತು.

ಸಾಮಾನನ್ನು ಹೀಗೆ ಬೇರ್ಪಡಿಸುವ ಕ್ರಮಕ್ಕೆ ಹಡಗಿನ ಕಂಪನಿಗಳು ಚೀಟಿಗಳನ್ನು ಅಚ್ಚುಮಾಡಿಸಿ ಕೊಡುತ್ತಿದ್ದುವು: ಕೋಣೆಗೆ ಬರತಕ್ಕುದು ಒಂದು, ಪ್ರಯಾಣದ ನಡುವೆ ಬೇಕಾಗತಕ್ಕುದು ಇನ್ನೊಂದು, ಇಳಿಯುವ ತನಕ ಬೇಡವಾದುದು ಮತ್ತೊಂದು. ಎರಡನೆಯ ತರಗತಿಯ ಪೆಟ್ಟಿಗೆಗಳಿರುವ ಕೋಣೆಯನ್ನು ಗೊತ್ತಾದ ದಿನಗಳಲ್ಲಿ, ಗೊತ್ತಾದ ಹೊತ್ತಿನಲ್ಲಿ ಮಾತ್ರ ತೆರೆಯುತ್ತಿದ್ದರು. ಆಗ ಅಲ್ಲಿ ನೂಕುನುಗ್ಗಲು. ಉಣ್ಣೆಯ ಉಡುಪನ್ನು ಒಳಗಿಟ್ಟು ತೆಳುವಾದುದನ್ನು ಹೊರತೆಗೆಯುವ ಗಡಿಬಿಡಿ. ಸಯೀದ್ ಬಂದರನ್ನು ದಾಟಿ ಕೆಂಪು ಸಮುದ್ರವನ್ನು ಪ್ರವೇಶಿಸುವುದೆಂದರೆ ಋತುವನ್ನೇ ದಾಟಿದಂತೆ. ಇತ್ತ ಬರುವ ಬಿಳಿಯರು ಆ ಬಂದರಿನ ಸೈಮನ್ ಆರ್ಟ್ಸ್ ಅಂಗಡಿಯಲ್ಲಿ ತಲೆಗೊಂದು ಬೆಂಡಿನ ಟೋಪಿಯನ್ನು ಕೊಳ್ಳುವುದು ವಾಡಿಕೆ, ನೌಕರಿ ಮುಗಿಸಿ ಶಾಶ್ವತವಾಗಿ ಹಿಂದಿರುಗುವವರು ಅದೇ ಟೋಪಿಯನ್ನು ಕಡಲಿಗೆಸೆಯುವುದೂ ವಾಡಿಕೆ.

ಕಾರ್ಯಾರ್ಥವಾಗಿ ಅಲ್ಲದೆ ವಿಹಾರಾರ್ಥವಾಗಿಯೇ ಹಡಗನ್ನು ಹತ್ತುವವರು ಇಷ್ಟರಲ್ಲಿ ಹುಟ್ಟಿಕೊಂಡಿದ್ದರು. 1867ರ ಜೂನಿನಲ್ಲಿ ನ್ಯೂಯಾರ್ಕಿನಿಂದ ಯೂರೋಪು ಮತ್ತು ಪವಿತ್ರಭೂಮಿಗೆ ಹೊರಟ 'ಕ್ವೇಕರ್ ಸಿಟಿ' ಎಂಬ ಗಾಲಿಹಡಗಿನಲ್ಲಿ ಮಾರ್ಕ್ ಟ್ವೈನನೂ ಇದ್ದನು. ದಕ್ಷಿಣೆ 1250 ಡಾಲರು. ಯಾತ್ರಿಕರು ತರಬೇಕಾದ ವಸ್ತುಗಳನ್ನು ವ್ಯವಸ್ಥಾಪಕರು ಸೂಚಿಸಿದ್ದರೆಂದು ಆತ ತನ್ನ ಪ್ರವಾಸಗ್ರಂಥದಲ್ಲಿ ಹೇಳುತ್ತಾನೆ: ಹಡಗಿನಲ್ಲಿ ಕಾಲಯಾಪನೆಗೆ ಹಗುರವಾದ ಸಂಗೀತವಾದ್ಯಗಳು; ಸಿರಿಯಾದ ಸವಾರಿಗೆ ಜೀನುಗಳು; ಈಜಿಪ್ಟಿನ ಬಿಸಿಲಿಗೆ ಹಸಿರು ಕನ್ನಡಕ, ಕೊಡೆ, ಮುಸುಕಿನ ಬಟ್ಟೆ; ಪವಿತ್ರಭೂಮಿಯ ಒರಟು ದಾರಿಗೆ ಗಟ್ಟಿಮುಟ್ಟಾದ ಉಡುಪು; ಓದುವುದಕ್ಕೆ ಬೈಬಲ್ಲು ಮತ್ತು ದಾರಿತೋರುವ ಪುಸ್ತಕಗಳು. ಕುದುರೆಯ ಜೀನನ್ನು ಹಡಗಿಗೆ ತರಬೇಕೆಂಬ ಸೂಚನೆಯನ್ನು ಓದಿ ನಗುವವರು, ಇಂದು ವಿಹಾರನೌಕೆಗೆ ಹೊರಡುವವರು ಹೊಸದಾಗಿ ಕೊಂಡು ಒಮ್ಮೆಯೂ ತೊಡದೆ ಹಿಂದಕ್ಕೆ ತರುವ ಸಾಮಾನನ್ನೂ ಒಂದಿಷ್ಟು ನೆನೆಯಬಹುದು. ಈ ಯಾತ್ರೆಯಲ್ಲಿಯಾದರೂ ಪುಣ್ಯಕ್ಷೇತ್ರದ ನೆಪವಿದ್ದಿತು. 1891ರ ಜನವರಿ 22ರಂದು ಜರ್ಮನಿಯ ಕುಕ್ಸ್‌ಹಾಫೆನ್ನಿನಿಂದ ಮೆಡಿಟರೇನಿಯನ್ನಿಗೆ ಹೊರಟ 'ಆಗಸ್ಟಾ ವಿಕ್ಟೋರಿಯಾ'ಕ್ಕೆ ಆ ನೆಪವೂ ಬೇಕಾಗಲಿಲ್ಲ. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವ ಶ್ರೀಮಂತರು ಕಡಮೆಯಾಗಿ ದೊಡ್ಡ ಹಡಗುಗಳು ಬಂದರಿನಲ್ಲಿ ಸುಮ್ಮನೆ ನಿಲ್ಲುತ್ತಿದ್ದುದನ್ನು ಕಂಡ ಆಲ್ಬರ್ಟ್ ಬಾಲಿನ್ ಎಂಬ ಚತುರನು ಅವುಗಳಿಗೆ ಹುಡುಕಿದ ಉದ್ಯೋಗ ಇದು. ವಿಹಾರಕ್ಕೆಂದೇ ಕಟ್ಟಿದ 'ಪ್ರಿನ್ಸೆಸಿನ್ ವಿಕ್ಟೋರಿಯಾ ಲೂಯಿಸ' 1900ರಲ್ಲಿ ನೀರಿಗಿಳಿಯಿತು. ಅದರಲ್ಲಿ ವ್ಯಾಯಾಮಶಾಲೆ, ಗ್ರಂಥಾಲಯಗಳ ಜೊತೆಗೆ ಪ್ರಯಾಣಿಕರು ತಾವು ತೆಗೆದ ಛಾಯಾಚಿತ್ರಗಳನ್ನು ತೊಳೆದುಕೊಳ್ಳಲು ಒಂದು ಕತ್ತಲೆಯ ಕೋಣೆಯೂ ಇದ್ದಿತು.

ಇಷ್ಟೆಲ್ಲ ಸೌಕರ್ಯ ಒದಗಿದ ಮೇಲೆ ಪೆಟ್ಟಿಗೆ ಹಗುರವಾಗಬೇಕಾಗಿದ್ದಿತು, ಆಗಲಿಲ್ಲ. ರಾತ್ರಿಯ ಊಟಕ್ಕೆ ಗಂಡಸರು ಕಪ್ಪು ಕೋಟು, ಹೆಂಗಸರು ದಿನಕ್ಕೊಂದು ಗೌನು ಧರಿಸಿ ಬರಬೇಕೆಂಬುದು ಮೊದಲ ದರ್ಜೆಯ ಅಲಿಖಿತ ಶಾಸನವಾಯಿತು. ಹೊರಟ ಮೊದಲ ರಾತ್ರಿ ಮತ್ತು ತಲಪುವ ಹಿಂದಿನ ರಾತ್ರಿ ಮಾತ್ರ, ಟ್ರಂಕುಗಳು ಬಿಚ್ಚಿರುವುದಿಲ್ಲ ಅಥವಾ ಕಟ್ಟಿಯಾಗಿರುತ್ತದೆ ಎಂಬ ಕಾರಣದಿಂದ, ಈ ನಿಯಮಕ್ಕೆ ರಿಯಾಯಿತಿ. ಟೈಟಾನಿಕ್ 1912ರಲ್ಲಿ ಮುಳುಗಿದಾಗ ಬದುಕಿ ಉಳಿದ ಷಾರ್ಲೆಟ್ ಕಾರ್ಡೆಜಾ ಎಂಬ ಅಮೆರಿಕದ ಮಹಿಳೆ ಹದಿನಾಲ್ಕು ಟ್ರಂಕುಗಳ ಸಾಮಾನಿಗಾಗಿ ಹೂಡಿದ ಪರಿಹಾರದ ಹಕ್ಕು 1,77,352 ಡಾಲರುಗಳದು. ಒಂದೊಂದು ಗೌನು, ಒಂದೊಂದು ಜೊತೆ ಕೈಗವಸಿನ ಬೆಲೆಯನ್ನೂ ಬಿಡದೆ ನಮೂದಿಸಿದ ಆ ಪಟ್ಟಿ ಪುಟಗಟ್ಟಲೆ ಹರಿಯುತ್ತದೆ. ಸಾವಿರದ ಐನೂರು ಜನ ಸತ್ತ ದುರಂತದ ಪಕ್ಕದಲ್ಲಿ ಅದನ್ನಿಟ್ಟು ಓದುವುದು ಸುಖಕರವಲ್ಲ.

ಇತರರ ಕಣ್ಣಿನ ಭಯಕ್ಕೆ ನಮ್ಮವರೂ ಹೊರತಾಗಿರಲಿಲ್ಲ. 1888ರ ಸೆಪ್ಟೆಂಬರ್ 4ರಂದು 'ಕ್ಲೈಡ್' ಹಡಗಿನಲ್ಲಿ ಬೊಂಬಾಯಿಯನ್ನು ಬಿಟ್ಟ ಹದಿನೆಂಟು ವರುಷದ ಮೋಹನದಾಸ ಗಾಂಧಿಯ ಸಾಮಾನಿನಲ್ಲಿ ಎರಡು ಭಯಗಳೂ ಒಟ್ಟಿಗೆ ಇದ್ದುವು. ಚಮಚ ಮುಳ್ಳುಗಳನ್ನು ಹಿಡಿಯಲು ಬಾರದ, ಯಾವ ಪದಾರ್ಥದಲ್ಲಿ ಮಾಂಸವಿದೆಯೋ ಎಂದು ಕೇಳಲು ನಾಲಗೆ ಏಳದ ಆ ಹುಡುಗ, ಊಟದ ಮೇಜಿಗೆ ಹೋಗದೆ, ಮನೆಯಿಂದ ತಂದಿದ್ದ ಸಿಹಿತಿಂಡಿ ಹಣ್ಣುಗಳನ್ನೇ ಕೋಣೆಯಲ್ಲಿ ಕುಳಿತು ತಿನ್ನುತ್ತ ದಿನ ಕಳೆದನು. ಹಡಗಿನಲ್ಲಿದ್ದಷ್ಟು ದಿನವೂ ಕಪ್ಪು ಸೂಟನ್ನೇ ತೊಟ್ಟು, ಬಿಳಿಯ ಫ್ಲಾನಲ್ ಸೂಟನ್ನು ಇಳಿಯುವ ದಿನಕ್ಕೆಂದು ಜೋಪಾನವಾಗಿ ಮೀಸಲಿಟ್ಟಿದ್ದನು. ದಡಕ್ಕಿಳಿಯುವಾಗ ಬಿಳಿಯ ಉಡುಪೇ ಹೆಚ್ಚು ಶೋಭಿಸುವುದೆಂದು ಅವನ ಎಣಿಕೆ. ಇಳಿದುದು ಸೆಪ್ಟೆಂಬರಿನ ಕೊನೆಯಲ್ಲಿ. ಅಷ್ಟು ಜನರ ನಡುವೆ ಬಿಳಿಯ ಬಟ್ಟೆ ತೊಟ್ಟವನು ತಾನೊಬ್ಬನೇ ಎಂಬುದು ಕಣ್ಣಿಗೆ ಬೀಳುವ ಹೊತ್ತಿಗೆ, ಇತರರು ಮಾಡಿದಂತೆ ತಾನೂ ಪೆಟ್ಟಿಗೆಗಳನ್ನು ಬೀಗದ ಕೈ ಸಹಿತ ಏಜೆಂಟರ ವಶಕ್ಕೆ ಒಪ್ಪಿಸಿಬಿಟ್ಟಿದ್ದನು. ಆ ದಿನ ಶನಿವಾರ, ಮರುದಿನ ಭಾನುವಾರ, ಸೋಮವಾರದ ತನಕ ಬೇರೆ ಬಟ್ಟೆ ಸಿಕ್ಕುವಂತಿರಲಿಲ್ಲ. ಆ ನಾಚಿಕೆಯನ್ನು ಮುಪ್ಪಿನ ಹತ್ತಿರ ಬಂದಮೇಲೂ ಮರೆಯದೆ ಆತ್ಮಕಥೆಯಲ್ಲಿ ಬರೆದಿರುವುದನ್ನು ನೋಡಿದರೆ, ಅದು ಸಣ್ಣ ನಾಚಿಕೆಯಾಗಿರಲಿಲ್ಲವೆಂದು ಊಹಿಸಬಹುದು.

ಅದಕ್ಕೆ ಐದು ವರುಷಗಳ ತರುವಾಯ, 1893ರ ಮೇ 31ರಂದು, ಅದೇ ಬಂದರಿನಿಂದ 'ಪೆನಿನ್ಸುಲರ್' ಹಡಗನ್ನೇರಿದವರು ಸ್ವಾಮಿ ವಿವೇಕಾನಂದರು. ಹಿಂದಿನ ವರುಷ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರು ಬೆಲೆಬಾಳುವ ಕಾಣಿಕೆಗಳನ್ನು ಮುಂದಿರಿಸಿದಾಗ, ಲೋಹದ್ದಲ್ಲದ ಒಂದು ಹುಕ್ಕಾ ಸಾಕೆಂದು ಉಳಿದುದನ್ನೆಲ್ಲ ಬಿಟ್ಟುಬಂದರೆಂದು ಅವರ ಚರಿತ್ರಕಾರರು ಹೇಳುತ್ತಾರೆ. ಅಂಥ ಪರಿವ್ರಾಜಕನಿಗೆ ಈಗ ಖೇತ್ರಿಯ ಅರಸನು ಕೊಟ್ಟ ರೇಷ್ಮೆಯ ನಿಲುವಂಗಿ, ಮೊದಲ ದರ್ಜೆಯ ಟಿಕೀಟು, ಪೆಟ್ಟಿಗೆಗಳು. ವಸ್ತುಗಳನ್ನು ಇಟ್ಟುಕೊಳ್ಳುವುದೂ ಕಾಯುವುದೂ ತಮಗೆ ಹೊಸದೆಂದೂ, ಶಕ್ತಿಯೆಲ್ಲ ಅದರಲ್ಲಿಯೇ ವ್ಯಯವಾಗುತ್ತಿದೆಯೆಂದೂ ಯೊಕೊಹಾಮದಿಂದ ಮದರಾಸಿನ ಶಿಷ್ಯರಿಗೆ ಅವರು ಬರೆದ ಕಾಗದದಲ್ಲಿ ತಮಾಷೆಯೂ ಇದೆ, ನಿಜವಾದ ಬೇಸರವೂ ಇದೆ. ಇಷ್ಟನ್ನು ಹೊರಿಸಿದ ಭಕ್ತರು ಮುಖ್ಯವಾದ ಒಂದನ್ನು ಮರೆತಿದ್ದರು. ಉತ್ತರ ಶಾಂತಸಾಗರದ ಚಳಿಗೆ ಬೇಕಾದ ಉಣ್ಣೆಯ ಬಟ್ಟೆ ಅವರ ಪೆಟ್ಟಿಗೆಯಲ್ಲಿರಲಿಲ್ಲ. ಬೇಸಗೆಯಲ್ಲಿ ಹೊರಟರೂ ಅವರು ಆ ದಾರಿಯಲ್ಲಿ ನಡುಗುತ್ತ ಹೋಗಬೇಕಾಯಿತು.

ಕೋಣೆಯೇ ಇಲ್ಲದೆ ಡೆಕ್ಕಿನ ಮೇಲೆ ಪ್ರಯಾಣಮಾಡಿದ ಲಕ್ಷಾಂತರ ಜನರ ಗಂಟುಗಳ ವಿಚಾರವನ್ನು ಬರೆದಿಟ್ಟವರು ಕಡಮೆ. ಬೊಂಬಾಯಿಯಿಂದ ಜೆದ್ದಾಕ್ಕೆ ಹೋಗುವ ಹಜ್ ಯಾತ್ರಿಕನು ಅಕ್ಕಿಹಿಟ್ಟು, ಬೇಳೆ, ಪಾತ್ರೆಗಳ ಜೊತೆಗೆ ತನ್ನ ಹೆಣಕ್ಕೆ ಹೊದಿಸುವ ಕಫನಿನ ಬಟ್ಟೆಯನ್ನೂ ಮಡಿಸಿಟ್ಟುಕೊಳ್ಳುತ್ತಿದ್ದನು. ನಮ್ಮ ಕರಾವಳಿಯಲ್ಲಿ ಬೊಂಬಾಯಿ, ಕಾರವಾರ, ಹೊನ್ನಾವರ, ಮಂಗಳೂರುಗಳ ನಡುವೆ ಓಡಾಡುತ್ತಿದ್ದ ಆಗಬೋಟುಗಳಲ್ಲಿ ಸಾಹಿತ್ಯ ಇನ್ನೂ ಸರಳ: ಹಾಸಲೊಂದು ಚಾಪೆ, ಬುತ್ತಿಯ ಗಂಟು, ನೆಂಟರಿಗೆ ಹಪ್ಪಳ ಉಪ್ಪಿನಕಾಯಿ, ಹೊಟ್ಟೆ ತೊಳಸಿದಾಗ ಮೂಸಿನೋಡಲು ಒಂದೆರಡು ನಿಂಬೆಹಣ್ಣು. ಹಡಗು ದೂರದಲ್ಲಿ ಲಂಗರು ಹಾಕಿ ನಿಂತಿರುವಾಗ ಓಲಾಡುವ ದೋಣಿಯಿಂದ ಏಣಿ ಹತ್ತಬೇಕಾದವರಿಗೆ ಅದಕ್ಕಿಂತ ಹೆಚ್ಚಿನದು ಹೊರೆಯೇ ಸರಿ.

ಬಿಳಿಯ ಫ್ಲಾನಲ್ಲಿನ ಆ ಹುಡುಗನು ನಲವತ್ತಮೂರು ವರುಷಗಳ ಮೇಲೆ, 1931ರ ಆಗಸ್ಟ್ 29ರಂದು, ದುಂಡುಮೇಜಿನ ಪರಿಷತ್ತಿಗಾಗಿ 'ರಾಜಪುತಾನಾ' ಹಡಗನ್ನು ಹತ್ತಿದಾಗ ಸೊಂಟಕ್ಕೆ ಒಂದು ತುಂಡು ಬಟ್ಟೆ, ಮೈಗೆ ಒಂದು ಶಾಲು. ಆದರೆ ಜೊತೆಯಲ್ಲಿದ್ದ ಮಹಾದೇವ ದೇಸಾಯಿ, ಪ್ಯಾರೇಲಾಲ್, ಮೀರಾಬೆಹನ್ ಮೊದಲಾದವರಿಗೆ ಇಂಗ್ಲೆಂಡಿನ ಚಳಿಗಾಲವನ್ನು ನೆನೆದು ಸ್ನೇಹಿತರು ಪೆಟ್ಟಿಗೆ ಪೆಟ್ಟಿಗೆಯಾಗಿ ಬಟ್ಟೆಗಳನ್ನು ಕಟ್ಟಿಕೊಟ್ಟಿದ್ದರು. ಅಷ್ಟು ಟ್ರಂಕುಗಳನ್ನು ಕಂಡ ಗಾಂಧೀಜಿ ಕೆರಳಿದರು. ಬೇಕಾದೀತೆಂದು ಇಟ್ಟುಕೊಂಡೆವೆಂಬ ಸಮಾಧಾನವನ್ನು ಅವರು ಒಪ್ಪಲಿಲ್ಲ. ಬಡವರ ಪ್ರತಿನಿಧಿಯ ಜೊತೆಗೆ ಹೋಗುವವರು ಬಡವರಂತೆಯೇ ಹೋಗಬೇಕೆಂದರು. ಒಂದೊಂದು ವಸ್ತುವಿಗೂ ಲೆಕ್ಕ ಹೇಳಿಸಿದರು. ಏಡನ್ ತಲಪುವುದರೊಳಗಾಗಿ ಕಟ್ಟಿದುದನ್ನೆಲ್ಲ ಬಿಚ್ಚಿ, ಆರಿಸಿ, ಏಳು ಪೆಟ್ಟಿಗೆಗಳನ್ನು ಅಲ್ಲಿಂದಲೇ ಬೊಂಬಾಯಿಗೆ ಹಿಂದಕ್ಕೆ ಕಳುಹಿಸಬೇಕಾಯಿತು. ಇದನ್ನು ಮಹಾದೇವ ದೇಸಾಯಿಯವರೇ ಬರೆದಿಟ್ಟಿದ್ದಾರೆ. ಗಾಂಧೀಜಿಯ ಕೋಪದಲ್ಲಿ ಸಿದ್ಧಾಂತ ಎಷ್ಟು, ಸೋಮವಾರದ ತನಕ ಬಿಳಿಯ ಸೂಟಿನಲ್ಲಿ ಕಾದು ಕುಳಿತ ನೆನಪು ಎಷ್ಟು ಎಂದು ಕೇಳುವ ಧೈರ್ಯ ಆಗ ಜೊತೆಯಲ್ಲಿದ್ದ ಯಾರಿಗೂ ಇದ್ದಿರಲಾರದು.

ಜೆಟ್ ವಿಮಾನಗಳು 1958ರಲ್ಲಿ ಅಟ್ಲಾಂಟಿಕ್ಕನ್ನು ದಾಟತೊಡಗಿದ ಮೇಲೆ ಕಾರ್ಯಾರ್ಥವಾಗಿ ಹಡಗನ್ನೇರುವವರು ಇಲ್ಲವಾಗುತ್ತ ಬಂದರು, ಉಳಿದುದು ವಿಹಾರ. ಇಂದು ಮುಂಬಯಿಯಿಂದ ಗೋವೆಗೂ ಲಕ್ಷದ್ವೀಪಕ್ಕೂ ವಿಹಾರನೌಕೆಗಳು ಹೊರಡುತ್ತವೆ, ನವಮಂಗಳೂರು ಬಂದರಿಗೂ ಪರದೇಶದ ಪ್ರವಾಸಿಗಳನ್ನು ಹೊತ್ತ ಹಡಗುಗಳು ಬಂದು ನಿಲ್ಲುತ್ತವೆ. ಹಡಗಿನ ಒಡಲಿನಲ್ಲಿ ಸ್ಥಳಕ್ಕೆ ಕೊರತೆಯಿಲ್ಲ. ಆದರೆ ಬಂದರಿಗೆ ವಿಮಾನದಲ್ಲಿ ಬರುವವರ ಪೆಟ್ಟಿಗೆಯ ತೂಕವನ್ನು ವಿಮಾನವೇ ಗೊತ್ತುಮಾಡುತ್ತದೆ. ಕೋಣೆಯ ಗೋಡೆ ಉಕ್ಕಿನದಾದುದರಿಂದ ಅನುಭವಿಗಳು ಬಟ್ಟೆ ತೂಗುಹಾಕಲು ಅಯಸ್ಕಾಂತದ ಕೊಕ್ಕೆಗಳನ್ನು ಒಯ್ಯುತ್ತಾರೆ. ಹತ್ತುವಾಗ ಒಪ್ಪಿಸಿದ ಪೆಟ್ಟಿಗೆ ಕೋಣೆಗೆ ಬರಲು ಕೆಲವು ಗಂಟೆ ಹಿಡಿಯುವುದರಿಂದ ಔಷಧ, ಪಾಸ್‌ಪೋರ್ಟು, ಈಜುಡುಗೆಗಳನ್ನು ಕೈಚೀಲದಲ್ಲಿಯೇ ಇಡುತ್ತಾರೆ. ಬೆಂಕಿಯ ಭಯದಿಂದ ಇಸ್ತ್ರಿಪೆಟ್ಟಿಗೆ ನಿಷಿದ್ಧ. ಹಾಗಿದ್ದೂ ಅನೇಕ ಹಡಗುಗಳಲ್ಲಿ ಒಂದೆರಡು ಸಂಜೆ ಠೀವಿಯ ಉಡುಪಿನಲ್ಲಿ ಊಟಕ್ಕೆ ಬರಬೇಕೆಂಬ ಹಳೆಯ ಸಂಪ್ರದಾಯ ಪೂರ್ತಿ ಸತ್ತಿಲ್ಲ. ಕೊನೆಯ ರಾತ್ರಿ ಪೆಟ್ಟಿಗೆಗಳನ್ನೆಲ್ಲ ಚೀಟಿ ಕಟ್ಟಿ ಬಾಗಿಲ ಹೊರಗೆ ಇಟ್ಟು ಮಲಗಬೇಕು. ಬೆಳಗಾಗುವುದರೊಳಗೆ ಅವು ದಡವನ್ನು ಸೇರುವ ಸಿದ್ಧತೆಯಲ್ಲಿರುತ್ತವೆ. ಮಡಿಸುವ ಉತ್ಸಾಹದಲ್ಲಿ ಮರುದಿನದ ಷರಾಯಿಯನ್ನೂ ಒಳಗಿಟ್ಟು ಬೀಗ ಹಾಕಿ, ಬೆಳಗ್ಗೆ ಪೈಜಾಮದಲ್ಲಿಯೇ ಕಸ್ಟಮ್ಸ್ ಅಧಿಕಾರಿಗಳ ಮುಂದೆ ಸಾಲುಗಟ್ಟಿ ನಿಂತವರ ಕಥೆ ವಿಹಾರನೌಕೆಗಳಲ್ಲಿ ಸಾಕಷ್ಟು ಹಳೆಯದು. ಹೊಸಬರಿಗೆ ಅದನ್ನು ಮೊದಲ ದಿನವೇ ಹೇಳಿಬಿಡುತ್ತಾರಂತೆ, ಆದರೂ ಅಂಥವರು ಆಗಾಗ ಸಿಕ್ಕುತ್ತಲೇ ಇರುತ್ತಾರೆ.